ಕೆಂಪು ಇಂಕು ಬೀಳದ ಹೆಸರು

ಹೋದ ತಿಂಗಳು ತಮ್ಮನ ಮಗನ ಮದುವೆ ಕಾರ್ಡ್ ಆರಿಸೋಕೆ ಅಂತ ಸುಲ್ತಾನ್‌ಪೇಟೆಗೆ ಹೋಗಿದ್ದೆ. ಈಗಿನವರು ಫೋನಿನಲ್ಲೇ ಕರೆದು ಕೈ ತೊಳೆದುಕೊಳ್ಳುತ್ತಾರೆ. ಆದರೆ ನನ್ನ ತಮ್ಮನ ಹೆಂಡತಿಗೆ ಅರಿಶಿನ ಹಚ್ಚಿದ ಕಾರ್ಡನ್ನು ದೇವರ ಮುಂದೆ ಇಡದೆ ಮದುವೆ ಶುರುವಾಗುವುದಿಲ್ಲ. ಅಂಗಡಿಯೊಳಗೆ ಕಾಲಿಟ್ಟೆ ನೋಡಿ, ಹಸಿ ಇಂಕು, ಮೈದಾ ಅಂಟು, ಹೊಸ ಕಾಗದ, ಮೇಲೊಂದಿಷ್ಟು ಅರಿಶಿನದ ಘಾಟು, ಎಲ್ಲ ಒಟ್ಟಿಗೆ ಮೂಗಿಗೆ ಬಡಿಯಿತು. ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಶುಗರ್ ಇಳಿಯಿತೇನೋ ಅಂತ ಜೊತೆಗೆ ಬಂದಿದ್ದ ಅವಳು ಗಾಬರಿಯಾಗಿ ಬ್ಯಾಗಿನಲ್ಲಿ ಚಾಕಲೇಟು ಹುಡುಕತೊಡಗಿದಳು. ನನಗೆ ಏನೂ ಆಗಿರಲಿಲ್ಲ. ರುದ್ರಪ್ಪನವರ ಕೈಯಿಂದ ಇದೇ ವಾಸನೆ ಬರುತ್ತಿತ್ತು, ಅವರ ಮಗಳ ಉಗುರಿನ ಸಂದಿಯಿಂದಲೂ.

ಆಗ ನಾನು ಬಸವನಗುಡಿಯ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆ. ಕಾಲೇಜಿನ ಹೆಸರು ಬೇಡ, ಅಲ್ಲಿನ ಅನ್ನ ಉಂಡಿದ್ದೇನೆ. ಎರಡು ಸಾವಿರದ ಇಸವಿ ದಾಟಿದ ಹೊಸತು. ಓದುವ ಮಕ್ಕಳಿಗೆ ಬ್ಯಾಂಕಿನವರು ಸಾಲ ಕೊಡುವುದು ಆಗಷ್ಟೇ ನಮ್ಮ ಕಡೆ ಜೋರಾಗಿತ್ತು. ಸಾಲ ಕೊಟ್ಟವರು ಸುಮ್ಮನಿರುತ್ತಾರೆಯೇ? ವರ್ಷಕ್ಕೆರಡು ಸಲ ಕಾಲೇಜಿಗೆ ಒಂದು ಪಟ್ಟಿ ಕಳಿಸುತ್ತಿದ್ದರು. ಸಾಲ ಪಡೆದ ಮಕ್ಕಳ ಹೆಸರಿನ ಮುಂದೆ ನಾವು ಗುರುತು ಹಾಕಿ ವಾಪಸು ಕಳಿಸಬೇಕು: ಓದುತ್ತಿದ್ದಾರೆ, ರಜೆಯಲ್ಲಿದ್ದಾರೆ, ಇಲ್ಲವೇ ಬಿಟ್ಟುಹೋಗಿದ್ದಾರೆ. ಓದುತ್ತಿದ್ದರೆ ಮುಂದಿನ ಕಂತು ಬರುತ್ತದೆ. ಒಪ್ಪಿಗೆ ಪಡೆದ ರಜೆಯಾದರೆ ಸಾಲ ಹಾಗೇ ತಡೆದು ನಿಲ್ಲುತ್ತದೆ, ಮರಳಿ ಬಂದ ಮೇಲೆ ಮುಂದುವರಿಯುತ್ತದೆ. ಬಿಟ್ಟುಹೋದರೆ ಪೂರಾ ದುಡ್ಡು ತಕ್ಷಣ ಕಟ್ಟಬೇಕು. ವಿಷಯ ಇಷ್ಟೇ. ಆದರೆ ನಮ್ಮ ಆಫೀಸಿನಲ್ಲಿ ಅದನ್ನು ಮುಟ್ಟೋಕೆ ಯಾರಿಗೂ ಮನಸ್ಸಿರಲಿಲ್ಲ. ಬ್ಯಾಂಕಿನವರ ಚಾಕರಿ ನಾವ್ಯಾಕೆ ಮಾಡಬೇಕು ಅನ್ನುವ ಧಿಮಾಕು. ಬಾಯಿ ಜೋರಿರುವ ವಿಮಲಾಗೆ ಕೆಲಸವೂ ಜಾಸ್ತಿ ಕೊಡಿ ಅಂತ ಪ್ರಿನ್ಸಿಪಾಲರು ಅದನ್ನು ನನ್ನ ತಲೆಗೆ ಕಟ್ಟಿದರು.

ಹಾಗೆ ಪರಿಚಯವಾದವಳು ಚಂದ್ರಕಲಾ. ಬಿ.ಫಾರ್ಮ ಮೂರನೇ ವರ್ಷ. ಅವಳ ಅಪ್ಪ ರುದ್ರಪ್ಪ ಸುಲ್ತಾನ್‌ಪೇಟೆಯ ಕಾರ್ಡ್ ಅಂಗಡಿಯೊಂದರಲ್ಲಿ ಕಾರ್ಡ್ ಮಡಿಸುವ, ಕವರ್ ಅಂಟಿಸುವ ಕೆಲಸಕ್ಕಿದ್ದರು. ಹಣೆ ತುಂಬ ವಿಭೂತಿ, ಮಾತು ಕಡಿಮೆ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಚಾಮರಾಜಪೇಟೆಯಲ್ಲಿ ವಠಾರದ ಮನೆ, ಭೋಗ್ಯಕ್ಕೆ ಹಾಕಿಕೊಂಡದ್ದು. ಬೆಂಗಳೂರಿನವರಿಗೆ ಭೋಗ್ಯ ಅಂದರೆ ಬಿಡಿಸಿ ಹೇಳಬೇಕಿಲ್ಲ, ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮನೆಯವರಿಗೆ ಒಂದು ದೊಡ್ಡ ಮೊತ್ತ ಕೊಟ್ಟು ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಆ ಮೊತ್ತ ಹಾಗೇ ವಾಪಸು ಪಡೆಯುವುದು. ರುದ್ರಪ್ಪನವರು ಜೀವಮಾನದಲ್ಲಿ ಉಳಿಸಿದ್ದೆಲ್ಲ ಆ ಮನೆಯಲ್ಲೇ ಇತ್ತು. ಬ್ಯಾಂಕಿನವರು ಸಾಲಕ್ಕೆ ಜಾಮೀನು ಕೇಳಿದಾಗ ಅಂಗಡಿಯ ಯಜಮಾನರೇ ಸಹಿ ಹಾಕಿದ್ದರು. ಆ ಸಹಿಯ ಬಗ್ಗೆ ಮಾತು ಬಂದರೆ ಸಾಕು, ರುದ್ರಪ್ಪ ದೇವರಿಗೆ ಮುಗಿದ ಹಾಗೆ ಕೈ ಮುಗಿಯುತ್ತಿದ್ದರು.

ಚಂದ್ರ ಮಾತ್ರ ಅಪ್ಪನಿಗೆ ತದ್ವಿರುದ್ಧ. ಅರಳು ಹುರಿದ ಹಾಗೆ ಮಾತು. ಬೆಳಿಗ್ಗೆ ಅಪ್ಪನ ಜೊತೆ ಕೂತು ಒಂದು ಕಟ್ಟು ಕವರ್ ಅಂಟಿಸಿ, ಉಗುರಿನಲ್ಲಿ ಒಣಗಿದ ಅಂಟು ಕೆರೆಯುತ್ತಾ ಕಾಲೇಜಿಗೆ ಬರುತ್ತಿದ್ದಳು. ಮಧ್ಯಾಹ್ನ ಡಬ್ಬಿ ತಗೊಂಡು ನನ್ನ ಟೇಬಲ್ಲಿಗೇ ಬಂದುಬಿಡುವಳು. ನನ್ನ ಬಿ.ಪಿ. ಮಾತ್ರೆಯ ಚೀಟಿ ಓದಿ, ಇದನ್ನು ಊಟಕ್ಕೆ ಮುಂಚೆ ತಗೋಬೇಕು, ನೀವು ತಪ್ಪು ತಗೋತಿದೀರ ಅಂತ ನನಗೇ ದಬಾಯಿಸುವಳು. ನನಗೆ ಇರುವವನು ಒಬ್ಬನೇ ಮಗ. ಹೆಣ್ಣುಮಗಳು ಇದ್ದಿದ್ದರೆ ಹೀಗಿರಬೇಕಿತ್ತು ಅಂತ ಆಸೆಪಟ್ಟದ್ದು ಸುಳ್ಳಲ್ಲ.

ಆ ವರ್ಷ ಆಷಾಢದ ಗಾಳಿ ಬೀಸತೊಡಗಿದಾಗಲೇ ಅವಳಿಗೆ ಏದುಸಿರು ಶುರುವಾಯಿತು. ಲ್ಯಾಬ್ ಇದ್ದದ್ದು ಮೇಲಿನ ಮಹಡಿಯಲ್ಲಿ. ಅರ್ಧ ಮೆಟ್ಟಿಲು ಹತ್ತಿ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಕೇಳಿದರೆ ಥಂಡಿ ಅನ್ನುವಳು. ಶ್ರಾವಣದ ಒಂದು ಸೋಮವಾರ, ಜಿಟಿಜಿಟಿ ಮಳೆ, ಮೆಟ್ಟಿಲ ಮೇಲೇ ಕುಸಿದಳು. ಆಟೋದಲ್ಲಿ ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚಿಕ್ಕಂದಿನಲ್ಲಿ ಬಂದ ಯಾವುದೋ ಜ್ವರ ಹೃದಯದ ಕವಾಟವನ್ನು ಕೆಡಿಸಿಟ್ಟಿತ್ತಂತೆ, ಆಪರೇಷನ್ ಆಗಲೇಬೇಕು ಅಂದರು. ಖರ್ಚು ಒಂದು ಟ್ರಸ್ಟಿನವರು ವಹಿಸಿಕೊಂಡರು, ಪುಣ್ಯಾತ್ಮರು. ಆದ ಮೇಲೆ ದೀಪಾವಳಿಯವರೆಗೂ ಮನೆ ಬಿಟ್ಟು ಕದಲಬಾರದು, ಆಮೇಲೆ ಧಾರಾಳವಾಗಿ ಓದಬಹುದು ಅಂತ ಡಾಕ್ಟರು ಹೇಳಿದರು.

ಆಪರೇಷನ್ನಿನ ಹಿಂದಿನ ದಿನ ನೋಡೋಕೆ ಹೋದರೆ ಈ ಹುಡುಗಿಗೆ ಎದೆ ಕೊಯ್ಯುತ್ತಾರಲ್ಲ ಅನ್ನುವ ಭಯವೇ ಇಲ್ಲ. ನನ್ನ ಕೈ ಹಿಡಿದುಕೊಂಡು, "ಮೇಡಂ, ಇಷ್ಟು ದಿನ ಕ್ಲಾಸಿಗೆ ಬರ್ಲಿಲ್ಲ ಅಂತ ನನ್ನ ಹೆಸರು ತೆಗೆದ್ಬಿಡ್ತಾರಾ?" ಅಂದಳು.

"ಯಾರು ತೆಗೀತಾರೆ? ನೀನು ಮಲಕ್ಕೊ ಸುಮ್ನೆ," ಅಂದೆ. ಬಾಯಿಮಾತಿಗೆ ಹೇಳಿ ಬಿಡಲಿಲ್ಲ. ಡಾಕ್ಟರ ಸರ್ಟಿಫಿಕೇಟು ತರಿಸಿ, ಅರ್ಜಿ ಬರೆಸಿ, ಪ್ರಿನ್ಸಿಪಾಲರ ಮುಂದೆ ನಿಂತು ರಜೆ ಮಂಜೂರು ಮಾಡಿಸಿದೆ. ಬರುವ ವರ್ಷ ಮೂರನೇ ವರ್ಷಕ್ಕೇ ಮತ್ತೆ ಸೇರಬಹುದು, ಹೆಸರು ದಾಖಲೆಯಲ್ಲಿ ಇರುತ್ತದೆ. ಆಪರೇಷನ್ ಚೆನ್ನಾಗಿ ಆಯಿತು. ಚಂದ್ರ ಮನೆಗೆ ಬಂದಳು. ಗೌರಿ ಹಬ್ಬಕ್ಕೆ ಬಾಗಿನ ಕೊಡುವ ನೆಪದಲ್ಲಿ ಹೋಗಿ ನೋಡಿದರೆ, ಹಾಸಿಗೆಯ ಮೇಲೆ ಪುಸ್ತಕ ಹರವಿಕೊಂಡು ಕೂತಿದ್ದಳು.

ಅಷ್ಟರಲ್ಲಿ ನನ್ನ ಮಗನಿಗೆ ಅಮ್ಮ ಆಯಿತು, ಮೈತುಂಬ ಗುಳ್ಳೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ ಮೇಲೆ ಹೊಸಿಲು ದಾಟುವ ಹಾಗಿಲ್ಲ, ನಮ್ಮತ್ತೆ ಬಿಡುವವರೂ ಅಲ್ಲ. ನಾನು ಮನೆಯಲ್ಲಿ ಕೂತಿರುವಾಗಲೇ ಬ್ಯಾಂಕಿನ ಪಟ್ಟಿ ಬಂತು. ಅದನ್ನು ತುಂಬಿ ಕಳಿಸಿದವರು ನಮ್ಮ ಹೆಡ್ ಕ್ಲರ್ಕ್ ನಂಜುಂಡಯ್ಯನವರು.

ನಂಜುಂಡಯ್ಯನವರ ಬಗ್ಗೆ ಹೇಳಬೇಕು, ಇಲ್ಲದಿದ್ದರೆ ನೀವು ಅವರನ್ನು ಕೆಟ್ಟವರು ಅಂದುಕೊಂಡೀರಿ. ನಿವೃತ್ತಿಗೆ ಹತ್ತಿರವಾಗಿದ್ದ ಮನುಷ್ಯ, ಇರುವೆ ಕಂಡರೂ ದಾಟಿ ನಡೆಯುವವರು. ನಮ್ಮ ಆಫೀಸಿನಲ್ಲಿ ಮೊದಲಿಂದಲೂ ಒಂದು ಪದ್ಧತಿ. ಓದುತ್ತಿರುವವರಿಗೆ ನೀಲಿ ಇಂಕಿನ ಗುರುತು, ರಜೆಯವರಿಗೂ ಬಿಟ್ಟವರಿಗೂ ಕೆಂಪು ಇಂಕು. ಎಷ್ಟೋ ವರ್ಷದ ಹಿಂದೆ ಜಾಂಡೀಸ್ ಆಗಿ ಮಲಗಿದ್ದ ಸಹೋದ್ಯೋಗಿಯ ಹೆಸರಿನ ಮುಂದೆ ಇವರು ಹಾಜರಿ ಪುಸ್ತಕದಲ್ಲಿ ಕೆಂಪು ಇಂಕಿನಲ್ಲಿ ರಜೆ ಅಂತ ಬರೆದರಂತೆ. ಆ ವಾರದೊಳಗೇ ಅವರು ಹೋಗಿಬಿಟ್ಟರಂತೆ. ಅಂದಿನಿಂದ ಕಾಯಿಲೆಯವರ ಹೆಸರಿನ ಪಕ್ಕ ನಂಜುಂಡಯ್ಯ ಕೆಂಪು ಇಂಕು ಮುಟ್ಟಿಸುತ್ತಿರಲಿಲ್ಲ. ಜಾಗ ಖಾಲಿ ಬಿಟ್ಟು, ಗುಣವಾಗಿ ಬಂದ ಮೇಲೆ ತುಂಬುತ್ತಿದ್ದರು. ಹಾಜರಿ ಪುಸ್ತಕ ನಮ್ಮದೇ ಅಲಮಾರಿಯಲ್ಲಿ ಇರುವ ತನಕ ಅದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ನಾವೆಲ್ಲ ನಗುತ್ತಿದ್ದೆವು, ಅಷ್ಟೇ.

ಚಂದ್ರಕಲಾ ಅನ್ನುವ ಹೆಸರಿಗೆ ಬಂದಾಗ ಅವರ ಕೈ ನಿಂತಿದೆ. ಎದೆ ಕೊಯ್ಯಿಸಿಕೊಂಡ ಮಗು, ಇನ್ನೂ ಹೊಲಿಗೆ ಮಾಗಿಲ್ಲ, ಅಂದುಕೊಂಡಿದ್ದಾರೆ. ನೀಲಿ ಹಾಕಿದರೆ ಸುಳ್ಳಾಗುತ್ತದೆ, ಕೆಂಪು ಹಾಕೋಕೆ ಜೀವ ಒಪ್ಪದು. ಖಾಲಿ ಬಿಟ್ಟು ಲಕೋಟೆ ಅಂಟಿಸಿದ್ದಾರೆ. ಆ ಸಲ ಪಟ್ಟಿಯ ಜೊತೆಗೆ ಬಂದಿದ್ದ ಹೊಸ ಸುತ್ತೋಲೆಯನ್ನು ಅವರು ಓದಿರಲಿಲ್ಲ. ಗುರುತಿಲ್ಲದ ಹೆಸರನ್ನು ಬಿಟ್ಟುಹೋದವರು ಅಂತಲೇ ಹಿಡಿಯಲಾಗುವುದು ಅಂತ ಅದರ ಕೊನೆಯಲ್ಲಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರಲ್ಲ, ಆ ಗಾದೆಯಲ್ಲಿ ಪೂಜಾರಿ ಕೆಟ್ಟವನು. ಇಲ್ಲಿ ಹಾಗೂ ಇರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ದಿನ, ಚಂದ್ರ ಒಂದು ಸಲವಾದರೂ ಬಂದು ಮುಖ ತೋರಿಸಬಹುದಿತ್ತಲ್ಲ ಅಂತ ಅನ್ನಿಸಿ, ಸುಮ್ಮನೆ ಪಟ್ಟಿಯ ಕಚೇರಿ ಪ್ರತಿ ತೆಗೆದು ನೋಡಿದೆ. ಅವಳ ಹೆಸರಿನ ಮುಂದೆ ಏನೂ ಇಲ್ಲ. ಕಾಗದ ಹಿಡಿದು ನಂಜುಂಡಯ್ಯನವರ ಮುಂದೆ ಹೋಗಿ ನಿಂತೆ. ಸುತ್ತೋಲೆಯ ಆ ಸಾಲನ್ನು ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು.

"ಆ ಮಗು ಬದುಕ್ಲಿ ಅಂತ ಬಿಟ್ಟೆ ಕಣಮ್ಮಾ," ಅಂದರು.

ಬೇರೆ ಯಾರಾಗಿದ್ದರೂ ಅವತ್ತು ನನ್ನ ಕೈಯಲ್ಲಿ ಉಳಿಯುತ್ತಿರಲಿಲ್ಲ. ಈ ಮನುಷ್ಯನನ್ನು ಏನಂತ ಬೈಯಲಿ? ತಿದ್ದುಪಡಿಯ ಪತ್ರ ಟೈಪ್ ಮಾಡಿ, ಪ್ರಿನ್ಸಿಪಾಲರ ಸಹಿ ಮಾಡಿಸಿ, ಆ ಮಧ್ಯಾಹ್ನವೇ ಬ್ಯಾಂಕಿಗೆ ಓಡಿದೆ. ಅಲ್ಲಿದ್ದ ಆಫೀಸರು ಪತ್ರ ಓದಿ, ಕಂಪ್ಯೂಟರು ನೋಡಿ, ನಕ್ಕರು. ಆ ಅಕೌಂಟ್ ಕ್ಲೋಸ್ ಆಗಿ ಎಷ್ಟೋ ದಿನ ಆಯ್ತು ಮೇಡಂ, ನೋಟೀಸ್ ಹೋದ ತಿಂಗಳೊಳಗೇ ಪೂರಾ ಕಟ್ಟಿದ್ದಾರೆ, ಇಂಥ ಒಳ್ಳೆ ಪಾರ್ಟಿ ನಮ್ಮ ಬ್ರಾಂಚಲ್ಲೇ ಇಲ್ಲ ಅಂದರು. ಮುಗಿದ ಸಾಲವನ್ನು ಮತ್ತೆ ತೆರೆಯಲು ಬರುವುದಿಲ್ಲ, ಬೇಕಾದರೆ ಹೊಸದಾಗಿ ಅರ್ಜಿ ಹಾಕಿ, ಹೊಸ ಜಾಮೀನು ತನ್ನಿ, ನೋಡೋಣ ಅಂದರು. ನನ್ನ ಪತ್ರಕ್ಕೆ ಒಂದು ಸೀಲು ಒತ್ತಿ, ತಲುಪಿದೆ ಅಂತ ಬರೆದುಕೊಟ್ಟರು. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು ನನ್ನ ಓಡಾಟ.

ಅಷ್ಟು ದುಡ್ಡು ರುದ್ರಪ್ಪನವರಿಗೆ ಎಲ್ಲಿಂದ ಬಂತು? ಬಸ್ಸು ಕಾಯದೆ ಚಾಮರಾಜಪೇಟೆಗೆ ನಡೆದೇ ಹೋದೆ. ವಠಾರದ ಆ ಮನೆಯ ಬಾಗಿಲಿಗೆ ಬೇರೆ ಯಾರದೋ ರಂಗೋಲಿ. ಒಳಗಿಂದ ಗೊತ್ತಿಲ್ಲದ ಹೆಂಗಸೊಬ್ಬಳು ಮಗು ಎತ್ತಿಕೊಂಡು ಬಂದಳು. ವಠಾರದ ಯಜಮಾನತಿ ನನ್ನನ್ನು ಗುರುತು ಹಿಡಿದು ಜಗಲಿಯಲ್ಲಿ ಕೂರಿಸಿದರು. ದಸರಾ ಮುಗಿಯುತ್ತಿದ್ದ ಹಾಗೇ ರುದ್ರಪ್ಪ ಬಂದು ಭೋಗ್ಯದ ದುಡ್ಡು ವಾಪಸು ಕೇಳಿದರಂತೆ. ಅವಧಿ ಇನ್ನೂ ಇದೆಯಲ್ಲ, ಕಾಯಿಲೆ ಹುಡುಗಿ ಇಟ್ಕೊಂಡು ಎಲ್ಲಿಗೆ ಹೋಗ್ತೀರಿ ಅಂದರೆ, ಬ್ಯಾಂಕಿಗೆ ಕಟ್ಟಬೇಕು ತಾಯಿ ಅಂದರಂತೆ ಅಷ್ಟೇ. ಗುಟ್ಟಹಳ್ಳಿ ಕಡೆ ಒಂದು ರೂಮು ಹಿಡಿದಿದ್ದಾರೆ ಅಂತ ಕೇಳಿದೆ, ಅಂದರು. ಹೊಸ ಬಾಡಿಗೆದಾರಳ ಮಗು ನನ್ನ ಬಳೆ ಹಿಡಿದು ಎಳೆಯುತ್ತಿತ್ತು.

ಸುಲ್ತಾನ್‌ಪೇಟೆಯ ಅಂಗಡಿಯಲ್ಲಿ ಲಗ್ನದ ಕಾಲದ ಗಿರಾಕಿಗಳು ಕಿಕ್ಕಿರಿದಿದ್ದರು. ರುದ್ರಪ್ಪ ಹಿಂದಿನ ಕೋಣೆಯಲ್ಲಿ ನೆಲದ ಮೇಲೆ ಕೂತು ಕಾರ್ಡಿನ ಮೂಲೆಗಳಿಗೆ ಅರಿಶಿನ ಹಚ್ಚುತ್ತಿದ್ದರು. ನನ್ನನ್ನು ಕಂಡು ಎದ್ದು, ಪಂಚೆಗೆ ಕೈ ಒರೆಸಿ, ಕೂರೋಕೆ ಒಂದು ಕಾಗದದ ಕಟ್ಟು ತೋರಿಸಿದರು. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಅವಳನ್ನು ಕಾಲೇಜಿನಿಂದ ತೆಗೆದಿಲ್ಲ, ರಜೆ ಮಂಜೂರಾಗಿದೆ, ಒಂದು ಗುರುತು ಹಾಕದೇ ಹೋದದ್ದಕ್ಕೆ ಇಷ್ಟೆಲ್ಲ ಆಗಿದೆ. ನೋಟೀಸು ಬಂದ ದಿನ ನನ್ನ ಹತ್ತಿರ ಬರೋಕೆ ನಿಮಗೇನಾಗಿತ್ತು, ಬಾಯಿಗೆ ಬೀಗ ಹಾಕಿಕೊಂಡಿದ್ದಿರಾ ಅಂತ ಕೂಗಾಡಿದೆ. ಹೊರಗಿನ ಗಿರಾಕಿಗಳು ಇಣುಕಿ ನೋಡಿದರು.

ಅವರು ತಾಳ್ಮೆಯಿಂದ ಹೇಳಿದರು. ಜಾಮೀನುದಾರರಿಗೂ ತಿಳಿಸಲಾಗುವುದು ಅಂತ ನೋಟೀಸಿನಲ್ಲಿತ್ತಂತೆ. ಯಜಮಾನರ ಮನೆಗೆ ಬ್ಯಾಂಕಿನ ಕಾಗದ ಹೋಗುವ ಮೊದಲು ತೀರಿಸಿಬಿಡಬೇಕು ಅನ್ನುವುದೊಂದೇ ಅವರ ತಲೆಯಲ್ಲಿ ಇದ್ದದ್ದು. ಕಾಲೇಜಿನವರೇ ಅವಳು ಇಲ್ಲ ಅಂತ ಬರೆದುಕೊಟ್ಟಿದ್ದಾರೆ ಅಂದಮೇಲೆ, ದೊಡ್ಡವರು ಯೋಚನೆ ಮಾಡಿಯೇ ಮಾಡಿರುತ್ತಾರೆ, ಇಷ್ಟು ದಿನ ಕ್ಲಾಸಿಗೆ ಹೋಗಿಲ್ಲವಲ್ಲ, ಯಾಕೆ ಅಂತ ಕೇಳೋಕೆ ನಾನ್ಯಾರು ಅಂದುಕೊಂಡರಂತೆ. ನಾನು ಹೊಸ ಸಾಲಕ್ಕೆ ಅರ್ಜಿ ಹಾಕಿ ಅಂದೆ. ಜಾಮೀನು ನಾನೇ ಹಾಕುತ್ತೇನೆ, ನನ್ನ ಸಂಬಳ ಇದೆ ಅಂದೆ.

ರುದ್ರಪ್ಪ ಆಗ ನನ್ನ ಮುಖ ನೋಡಿದರು. "ಬೇಡಮ್ಮ. ನಾಳೆ ಇನ್ನೊಬ್ರು ಯಾರೋ ಎಲ್ಲೋ ಏನೋ ಬರೆಯೋದು ಬಿಡ್ತಾರೆ. ಆಗ ನೋಟೀಸು ನಿಮ್ಮ ಮನೆಗೆ ಬರುತ್ತೆ. ನಂಗೆ ಇನ್ನೊಂದ್ಸಲ ತೀರ್ಸೋಕೆ ಏನೂ ಉಳಿದಿಲ್ಲ."

ಹಾಗೆಲ್ಲ ಆಗಲ್ಲ ಅನ್ನೋಣ ಅಂದರೆ ಆಗಿಹೋಗಿತ್ತಲ್ಲ.

ಗುಟ್ಟಹಳ್ಳಿಯ ರೂಮು ಮಹಡಿಯ ಮೇಲಿತ್ತು, ಕಡಿದಾದ ಕಬ್ಬಿಣದ ಮೆಟ್ಟಿಲು. ಹೃದಯದ ಆಪರೇಷನ್ ಆದ ಹುಡುಗಿಗೆ ಈ ಮೆಟ್ಟಿಲೇ ಅಂತ ಗೊಣಗುತ್ತಲೇ ಹತ್ತಿದೆ. ಚಂದ್ರ ಸೊರಗಿದ್ದಳು, ಆದರೆ ಉಸಿರು ಸರಾಗವಾಗಿತ್ತು. ಸುತ್ತ ಕವರುಗಳ ರಾಶಿ, ನಡುವೆ ಅವಳು. ನನ್ನನ್ನು ನೋಡಿ ಮುಖ ತಿರುಗಿಸಿಕೊಂಡಳು. ನಾನು ಮಾತು ಕೊಟ್ಟು ಕೈಬಿಟ್ಟೆ ಅಂತ ಇಷ್ಟು ದಿನ ಅಂದುಕೊಂಡಿದ್ದಾಳೆ ಅಂತ ಆಗ ಗೊತ್ತಾಯಿತು. ಪಕ್ಕದಲ್ಲಿ ಕೂತು ನಿಧಾನವಾಗಿ ಎಲ್ಲ ಹೇಳಿದೆ. ನಂಜುಂಡಯ್ಯನವರ ಕೆಂಪು ಇಂಕಿನ ಕಥೆಯನ್ನೂ ಹೇಳಿದೆ. ಅದನ್ನು ಕೇಳಿ ಅವಳಿಗೆ ನಗು ಬಂತು, ನಗುತ್ತಾ ನಗುತ್ತಾ ಅಳು ಬಂತು.

"ಹಾಗಾದ್ರೆ ನನ್ನ ಹೆಸರು ಇನ್ನೂ ಇದೆಯಾ ಮೇಡಂ?"

"ಇದೆ ಕಣೇ."

ಅವಳು ಒಂದಷ್ಟು ಹೊತ್ತು ನನ್ನ ತೋಳಿಗೆ ಹಣೆ ಒತ್ತಿಕೊಂಡು ಕೂತಿದ್ದಳು.

ಆಮೇಲಿನ ದಿನಗಳಲ್ಲಿ ನಾವು ಮಾಡದ ಪ್ರಯತ್ನವಿಲ್ಲ. ಲೆಕ್ಚರರುಗಳು ಸೇರಿ ಫೀಸು ಕಟ್ಟುತ್ತೇವೆ ಅಂದರು. ನಂಜುಂಡಯ್ಯನವರು ತಮ್ಮ ಪಿ.ಎಫ್. ಹಣದಿಂದ ಕೊಡುತ್ತೇನೆ ಅಂತ ರುದ್ರಪ್ಪನವರ ಎದುರು ಹೋಗಿ ನಿಂತರು, ವಯಸ್ಸಿನಲ್ಲಿ ಹಿರಿಯರು, ಕೈ ಕೂಡ ಮುಗಿದರು. ರುದ್ರಪ್ಪ ಅವರನ್ನು ಕೂರಿಸಿ, ಕಾಫಿ ತರಿಸಿ, ನಿಮ್ಮ ಮೇಲೆ ನನಗೆ ಎಳ್ಳಷ್ಟೂ ಬೇಜಾರಿಲ್ಲ ಸ್ವಾಮಿ ಅಂದರು. ಹಣ ಮಾತ್ರ ಬೇಡ ಅಂದರು. ಕಾಲೇಜಿನ ಆಡಳಿತ ಮಂಡಳಿಯವರು, ತಪ್ಪು ನಮ್ಮದು ಅಂತ ಒಪ್ಪಿ ಫೀಸು ಮನ್ನಾ ಮಾಡಿದರೆ ನಾಳೆ ಎಲ್ಲರೂ ಬರುತ್ತಾರೆ ಅಂತ ಕಡತವನ್ನು ಒಳಗಿಟ್ಟರು. ಅವರ ಮೇಲೆ ನನಗೆ ಈಗಲೂ ಕೋಪ ಇದೆ, ಮುಚ್ಚಿಡುವುದಿಲ್ಲ. ಇನ್ನು ರೂಮಿನ ಬಾಡಿಗೆ, ಚಂದ್ರಳ ಮಾತ್ರೆ, ಎರಡೂ ರುದ್ರಪ್ಪನವರ ಸಂಬಳದಲ್ಲೇ ಆಗಬೇಕು. ಫೀಸು ಯಾರಾದರೂ ಕಟ್ಟಿದರೂ ಇನ್ನೆರಡು ವರ್ಷ ಅವಳು ದುಡಿಯದೆ ಓದುತ್ತಾ ಕೂರುವ ಮನೆ ಅದಾಗಿ ಉಳಿದಿರಲಿಲ್ಲ. ಭೋಗ್ಯದ ಮನೆ ಅವರಿಗೆ ಕೊಟ್ಟಿದ್ದ ಸಮಾಧಾನ ಅದೊಂದೇ, ತಿಂಗಳು ಹುಟ್ಟಿದರೆ ಯಾರಿಗೂ ಕೊಡುವುದಿರಲಿಲ್ಲ. ಅಪ್ಪನನ್ನು ಎದುರುಹಾಕಿಕೊಂಡು ಬಾ ಅಂತ ಒಮ್ಮೆ ನಾನೇ ಚಂದ್ರಳಿಗೆ ಹೇಳಿದೆ. ಅವಳು ತಲೆಯಾಡಿಸಿದಳು. ಅಪ್ಪ ಈಗ ಸರಿಯಾಗಿ ಊಟ ಮಾಡಲ್ಲ ಮೇಡಂ, ನಾನು ಜೊತೆಗೆ ಕೂತ್ರೆ ಮಾತ್ರ ಉಣ್ತಾರೆ ಅಂದಳು.

ಸಂಕ್ರಾಂತಿ ಕಳೆದ ಮೇಲೆ ಅವಳು ಕಾಲೇಜಿಗೆ ಬಂದಳು. ಚಳಿ ಇನ್ನೂ ಬಿಟ್ಟಿರಲಿಲ್ಲ, ಸ್ವೆಟರ್ ಹಾಕಿದ್ದಳು, ಮುಖದಲ್ಲಿ ಸ್ವಲ್ಪ ಕಳೆ ಬಂದಿತ್ತು. ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ ಸಿಕ್ಕಿದೆಯಂತೆ, ಪಿ.ಯು.ಸಿ. ಮಾರ್ಕ್ಸ್ ಕಾರ್ಡಿನ ಅಸಲು ಕೇಳುತ್ತಿದ್ದಾರಂತೆ. ಅಸಲು ಕಾಲೇಜಿನಲ್ಲೇ ಇರುತ್ತಿತ್ತು, ಟಿ.ಸಿ. ತೆಗೆದುಕೊಂಡವರಿಗಷ್ಟೇ ವಾಪಸು. ಇನ್ನೂ ಸ್ವಲ್ಪ ದಿನ ತಡಿ, ಜೂನಿನವರೆಗೆ ರಜೆ ಇದೆ, ಏನಾದರೂ ದಾರಿಯಾಗುತ್ತದೆ ಅಂದೆ. ಶಾಪಿನವರು ತಡಿಯಲ್ಲ ಮೇಡಂ ಅಂದಳು. ಮೆಲ್ಲಗೆ ಹೇಳಿದಳು, ಆದರೆ ತೀರ್ಮಾನ ಮಾಡಿಕೊಂಡೇ ಬಂದಿದ್ದಳು.

ಟಿ.ಸಿ. ಪುಸ್ತಕ ತೆಗೆದೆ. ಹೆಸರು, ತಂದೆಯ ಹೆಸರು, ಸೇರಿದ ದಿನ, ನಡತೆ. ನಡತೆಯ ಮುಂದೆ ಎಲ್ಲರಿಗೂ ಉತ್ತಮ ಅಂತ ಬರೆಯುತ್ತೇವೆ. ಅವಳಿಗೆ ಅತ್ಯುತ್ತಮ ಅಂತ ಬರೆದೆ. ಕಾಲೇಜು ಬಿಡಲು ಕಾರಣ ಅನ್ನುವಲ್ಲಿಗೆ ಬಂದು ಪೆನ್ನು ನಿಂತಿತು. ನಂಜುಂಡಯ್ಯನವರು ತಮ್ಮ ಜಾಗದಿಂದ ಎದ್ದು ಹೊರಗಡೆ ಹೋದರು.

"ಏನು ಬರೀಲಿ?" ಅಂತ ಕೇಳಿದೆ. ಮೇಲೆ ನೋಡಲಿಲ್ಲ.

"ನಾನು ಬಿಡ್ಲಿಲ್ಲ ಮೇಡಂ," ಅಂದಳು. "ಹಾಗೇ ಬರೀರಿ."

ಹಾಗೆ ಬರೆದ ಟಿ.ಸಿ.ಯನ್ನು ಯಾರೂ ತಗೊಳ್ಳುವುದಿಲ್ಲ ಅಂತ ಅವಳಿಗೂ ಗೊತ್ತಿತ್ತು. ಆಮೇಲೆ, ಎಲ್ಲರಿಗೂ ಬರೆಯುವ ಹಾಗೆ, 'ಸ್ವಂತ ಕೋರಿಕೆಯ ಮೇರೆಗೆ' ಅಂತ ಬರೆದೆ. ಪುಸ್ತಕವನ್ನು ಅವಳ ಕಡೆ ತಿರುಗಿಸಿದೆ. ಚಂದ್ರ ಅದನ್ನು ಮೇಲಿಂದ ಕೆಳಗಿನವರೆಗೆ ಪೂರ್ತಿ ಓದಿ, ನನ್ನ ಕೈಯಿಂದ ಪೆನ್ನು ತಗೊಂಡು, ಸಹಿ ಮಾಡಿದಳು.